ಕೆನಡಾಕ್ಕೆ ದುಡ್ಡಿನ ಲೆಕ್ಕ ಒಪ್ಪಿಸಿದ್ದು

2023ರ ಜುಲೈ ಮೊದಲ ವಾರದಲ್ಲಿ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ, ಅಂದರೆ ಕೆನಡಾದಲ್ಲಿ ಕಾಯಂ ನೆಲೆಸಲು ಕೆಲಸ ಬಲ್ಲವರನ್ನು ಆರಿಸುವ ವ್ಯವಸ್ಥೆಯಲ್ಲಿ, ಅರ್ಜಿ ಹಾಕಿ ಅಂತ ನನಗೆ ಇನ್ವಿಟೇಷನ್ ಬಂತು. ಆರೋಗ್ಯ ಕ್ಷೇತ್ರದವರಿಗೆ ಅಂತಲೇ ಕೆನಡಾದವರು ಪ್ರತ್ಯೇಕ ಡ್ರಾ (ಇನ್ವಿಟೇಷನ್ ಕಳಿಸುವ ಆಯ್ಕೆಯ ಸುತ್ತು) ಶುರು ಮಾಡಿದ್ದು ಆ ಜೂನ್ ಕೊನೆಯಲ್ಲಿ. ಐಸಿಯುನಲ್ಲಿ ವರ್ಷಗಟ್ಟಲೆ ನೈಟ್ ಡ್ಯೂಟಿ ಮಾಡಿದ ನನಗೆ ಅದು ಸಣ್ಣ ಸಂತೋಷವಲ್ಲ. ಇನ್ವಿಟೇಷನ್ ಬಂದ ಮೇಲೆ ಪೂರ್ತಿ ಅರ್ಜಿ ಹಾಕಲು 60 ದಿನ ಅವಕಾಶ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಮುಗಿದಿತ್ತು, ಡಿಗ್ರಿಯ ಮೌಲ್ಯಮಾಪನವೂ ಆಗಿತ್ತು. ಪೊಲೀಸ್ ಕ್ಲಿಯರೆನ್ಸ್, ಮೆಡಿಕಲ್ ಎಲ್ಲ ಓಡಾಡಿದರೆ ಆಗುವ ಕೆಲಸ. ನನ್ನ ನಿದ್ದೆ ಕೆಡಿಸಿದ್ದು ಪ್ರೂಫ್ ಆಫ್ ಫಂಡ್ಸ್.

ಹೋದ ಹೊಸತರಲ್ಲಿ ಕೆಲಸ ಸಿಗುವ ತನಕ ಕುಟುಂಬ ತನ್ನ ಖರ್ಚು ತಾನೇ ನೋಡಿಕೊಳ್ಳಬೇಕು, ಅಷ್ಟು ಹಣ ಕೈಯಲ್ಲಿದೆ ಅಂತ ತೋರಿಸಬೇಕು. ಅಲ್ಲೇ ದುಡಿದು ಕೆನಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್‌ನಲ್ಲಿ ಅರ್ಜಿ ಹಾಕುವವರಿಗೆ ಇದು ಬೇಡ. ನನ್ನ ಹಾಗೆ ಹೊರಗಿನಿಂದ, ಕೈಯಲ್ಲಿ ಜಾಬ್ ಆಫರ್ ಇಲ್ಲದೆ, ಫೆಡರಲ್ ಸ್ಕಿಲ್ಡ್ ವರ್ಕರ್ ಆಗಿ ಹೋಗುವವರಿಗೆ ಬೇಕೇ ಬೇಕು. ಅಲ್ಲಿನ ಕಡಿಮೆ ಆದಾಯದ ಮಿತಿಯ ಅರ್ಧವನ್ನು ಆಧಾರ ಮಾಡಿಕೊಂಡು ಈ ಮೊತ್ತವನ್ನು ವರ್ಷ ವರ್ಷ ಪರಿಷ್ಕರಿಸುತ್ತಾರೆ. ನಾನು ಪ್ರೊಫೈಲ್ ಮಾಡಿದಾಗ ಮೂವರ ಕುಟುಂಬಕ್ಕೆ 20,371 ಕೆನಡಿಯನ್ ಡಾಲರ್ ಇತ್ತು. ಇನ್ವಿಟೇಷನ್ ಬರುವ ಹೊತ್ತಿಗೆ 21,055 ಆಗಿತ್ತು. ಆಗಿನ ದರದಲ್ಲಿ ಸುಮಾರು 13 ಲಕ್ಷ ರೂಪಾಯಿ. ನಾನೊಬ್ಬಳೇ ಮೊದಲು ಹೋಗಿ ಗಂಡ, ಮಗಳು ಆಮೇಲೆ ಬಂದರೂ, ಬಾರದೇ ಇದ್ದರೂ, ಲೆಕ್ಕ ಮೂರು ಜನರದ್ದೇ. ಇದನ್ನು ಬಹಳ ಜನ ಗಮನಿಸುವುದಿಲ್ಲ.

13 ಲಕ್ಷ ನಮಗೆ ದೊಡ್ಡ ಮೊತ್ತ. ಆದರೆ ಆ ದುಡ್ಡು ಇರಲಿಲ್ಲ ಅಂತಲ್ಲ, ಅದು ಎಲ್ಲೆಲ್ಲೋ ಇತ್ತು. ನಮ್ಮ ಮನೆಗಳಲ್ಲಿ ಉಳಿತಾಯ ಅಂದರೆ ಒಂದು ಸೈಟು, ಒಂದಿಷ್ಟು ಬಂಗಾರ, ಪಿಎಫ್. ಸೈಟಿನ ಬೆಲೆ ಲೆಕ್ಕಕ್ಕಿಲ್ಲ, ಸ್ಥಿರಾಸ್ತಿಯನ್ನು ಒಪ್ಪುವುದಿಲ್ಲ ಅಂತ ನಿಯಮದಲ್ಲೇ ಸ್ಪಷ್ಟವಾಗಿದೆ. ಬೇಕೆಂದಾಗ ಕೈಗೆ ಸಿಗುವ ಹಣ ಮಾತ್ರ ಹಣ. ಆ ಮಾತನ್ನು ಎದುರಿಗಿಟ್ಟುಕೊಂಡು ಒಂದೊಂದನ್ನೇ ನೋಡುತ್ತಾ ಹೋದೆವು. ಬಂಗಾರ ಬಿಟ್ಟೆವು, ಪಿಎಫ್ ಬಿಟ್ಟೆವು. ನಮ್ಮವರ ಹೆಸರಲ್ಲಿದ್ದ ಒಂದು ಎಫ್‌ಡಿ ಟ್ಯಾಕ್ಸ್ ಉಳಿಸಲು ಇಟ್ಟಿದ್ದು, ಐದು ವರ್ಷ ಮುರಿಸುವ ಹಾಗಿಲ್ಲ, ಅದನ್ನೂ ಬಿಟ್ಟೆವು. ಕೊನೆಗೆ ಉಳಿದದ್ದು ನನ್ನ ಹೆಸರಿನ ಆರು ಲಕ್ಷದ ಮಾಮೂಲಿ ಎಫ್‌ಡಿ, ನನ್ನ ಎಸ್‌ಬಿ ಖಾತೆ, ನಮ್ಮಿಬ್ಬರ ಜಂಟಿ ಖಾತೆ. ಜಂಟಿ ಖಾತೆಯಲ್ಲಿದ್ದರೆ ಗಂಡನ ದುಡ್ಡೂ ತಕರಾರಿಲ್ಲದೆ ಸೇರುತ್ತದೆ. ಅವರೊಬ್ಬರ ಹೆಸರಲ್ಲೇ ಇದ್ದಿದ್ದರೆ ಅದು ನನ್ನ ಕೈಗೂ ಸಿಗುತ್ತದೆ ಅಂತ ಬೇರೆ ಸಾಬೀತು ಮಾಡಬೇಕಿತ್ತು.

ನಿಯಮ ಕಠಿಣವೇ, ಆದರೆ ನನಗೆ ಅನ್ಯಾಯ ಅನ್ನಿಸಲಿಲ್ಲ. ಅಲ್ಲಿ ಇಳಿದ ವಾರವೇ ಬಾಡಿಗೆ ಮನೆಗೆ ಅಡ್ವಾನ್ಸ್ ಕೊಡಬೇಕು, ಮಗುವಿಗೆ ಚಳಿಗಾಲದ ಬಟ್ಟೆ ತರಬೇಕು. ಇಲ್ಲಿಯ ಸೈಟಿನ ಖಾತಾ ಪತ್ರ ಅಲ್ಲಿ ಯಾವುದಕ್ಕೂ ಆಗುವುದಿಲ್ಲ. ಅದರಲ್ಲೂ ನರ್ಸ್‌ಗಳಿಗೆ ಅಲ್ಲಿ ಲೈಸೆನ್ಸ್ ಸಿಗುವ ತನಕ ನಮ್ಮ ಕೆಲಸ ನಮಗೆ ಸಿಗುವುದಿಲ್ಲ. ಆ ತಿಂಗಳುಗಳನ್ನು ಈ ದುಡ್ಡೇ ದಾಟಿಸಬೇಕು.

ಅಪ್ಪ ಕೊಟ್ಟಿದ್ದು ನಾಲ್ಕು ಲಕ್ಷ. ನಾನು ಕೇಳಿರಲಿಲ್ಲ. ಏಪ್ರಿಲ್‌ನಲ್ಲಿ ತೋಟದ ಫಸಲಿನ ದುಡ್ಡು ಬಂದ ಕೂಡಲೇ ತಾವೇ ಬ್ಯಾಂಕಿಗೆ ಹೋಗಿ ನನ್ನ ಖಾತೆಗೆ ಹಾಕಿ ಫೋನ್ ಮಾಡಿದ್ದರು. ಕೊಟ್ಟ ದುಡ್ಡಿಗಿಂತ ಅದಕ್ಕೆ ಪತ್ರ ಕೇಳುವುದು ನನಗೆ ಕಷ್ಟವಾಯಿತು. ಹೀಗೆ ತೋರಿಸುವ ಹಣ, ಅಂದರೆ ಸೆಟ್ಲ್‌ಮೆಂಟ್ ಫಂಡ್, ಸಾಲದ ಹಣ ಆಗಿರಬಾರದು. ಖಾತೆಗೆ ಒಮ್ಮೆಲೇ ನಾಲ್ಕು ಲಕ್ಷ ಬಂದಿದ್ದು ಕಂಡರೆ ಅರ್ಜಿ ನೋಡುವ ಅಧಿಕಾರಿಗೆ ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಬರುವುದು ಸಹಜ. ಅದಕ್ಕೆ ಗಿಫ್ಟ್ ಡೀಡ್ ಬೇಕು. ಅದರಲ್ಲಿ ‘ಈ ಹಣವನ್ನು ನನ್ನ ಮಗಳಿಗೆ ಪ್ರೀತಿಪೂರ್ವಕವಾಗಿ ಕೊಟ್ಟಿದ್ದೇನೆ, ವಾಪಸು ಕೇಳುವುದಿಲ್ಲ’ ಅಂತ ಛಾಪಾ ಕಾಗದದ ಮೇಲೆ ಬರೆದು ಅಪ್ಪ ಸಹಿ ಹಾಕಬೇಕು.

ಅಪ್ಪನಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಅಲ್ಲ ಮಗಾ, ನಿಂಗೆ ಕೊಟ್ಟಿದ್ನ ವಾಪಸ್ ಕೇಳಲ್ಲ ಅಂತ ನಾನು ಯಾರಿಗೆ ಬರ್ಕೊಡ್ಬೇಕು?” ಅಂದರು.

“ನಂಗಲ್ಲಪ್ಪ, ಅಲ್ಲಿ ಫೈಲು ನೋಡೋರಿಗೆ. ಅವರಿಗೆ ನೀವು ಗೊತ್ತಿಲ್ವಲ್ಲ.”

“ಹಂಗಾದ್ರೆ ಸರಿ,” ಅಂದರು. ಮರುದಿನ ನೋಟರಿ ಹತ್ತಿರ ಬಂದು, ಪತ್ರವನ್ನು ಪೂರ್ತಿ ಓದಿಸಿಕೊಂಡು, ಪ್ರತಿ ಹಾಳೆಗೂ ಸಹಿ ಹಾಕಿದರು. ತಮ್ಮ ಪಾಸ್‌ಬುಕ್ಕಿನಲ್ಲಿ ಫಸಲಿನ ದುಡ್ಡು ಜಮೆಯಾದ ಪುಟ, ನನಗೆ ಕಳಿಸಿದ ಪುಟ ಎರಡನ್ನೂ ಜೆರಾಕ್ಸ್ ಮಾಡಿಸಿ ತಂದಿದ್ದರು. ಅದನ್ನು ತನ್ನಿ ಅಂತ ನಾನು ಹೇಳಿಯೇ ಇರಲಿಲ್ಲ. ತಂದೆ ಮಗಳಿಗೆ ಕೊಟ್ಟ ಹಣಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ಆ ಕಡೆಯಿಂದ ತೊಡಕಿರಲಿಲ್ಲ.

ಇನ್ನು ಬ್ಯಾಂಕಿನ ಪತ್ರ. ನೈಟ್ ಮುಗಿಸಿ ಸೀದಾ ಬ್ಯಾಂಕಿಗೆ ಹೋದ ದಿನದ್ದು. ಕೌಂಟರಿನಲ್ಲಿ ಬ್ಯಾಲೆನ್ಸ್ ಸರ್ಟಿಫಿಕೇಟ್ ಕೇಳಿದರೆ ಐದೇ ನಿಮಿಷದಲ್ಲಿ ಪ್ರಿಂಟ್ ತೆಗೆದು ಸೀಲ್ ಹಾಕಿ ಕೊಟ್ಟರು. ಅದರಲ್ಲಿ ಇದ್ದದ್ದು ನನ್ನ ಹೆಸರು, ಖಾತೆ ನಂಬರು, ಆ ದಿನದ ಬ್ಯಾಲೆನ್ಸು. ಸ್ಟೂಡೆಂಟ್ ವೀಸಾಕ್ಕೂ ಟೂರಿಸ್ಟ್ ವೀಸಾಕ್ಕೂ ಎಲ್ಲರೂ ಒಯ್ಯುವುದು ಇದನ್ನೇ ಅಂತ ಕೌಂಟರಿನ ಹುಡುಗ ಹೇಳಿದ. ಕೆನಡಾದ ವಲಸೆ ಇಲಾಖೆ ಕೇಳುವುದು ಬೇರೆ. ಪತ್ರ ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲಿ ಇರಬೇಕು, ಅದರಲ್ಲಿ ಶಾಖೆಯ ವಿಳಾಸ, ಫೋನು, ಇಮೇಲ್ ಇರಬೇಕು. ಪ್ರತಿ ಖಾತೆಯ ನಂಬರು, ಅದನ್ನು ತೆರೆದ ದಿನಾಂಕ, ಈಗಿನ ಬ್ಯಾಲೆನ್ಸು, ಕಳೆದ ಆರು ತಿಂಗಳ ಸರಾಸರಿ ಬ್ಯಾಲೆನ್ಸು ಇರಬೇಕು. ಜೊತೆಗೆ ಕ್ರೆಡಿಟ್ ಕಾರ್ಡು, ಸಾಲ ಏನಾದರೂ ಬಾಕಿ ಇದ್ದರೆ ಅದೂ ಕಾಣಬೇಕು.

ಮ್ಯಾನೇಜರ್ ಚೇಂಬರಿಗೆ ಹೋಗಿ ಹೇಳಿದೆ. “ಮೇಡಂ, ನಮ್ಮ ಸಿಸ್ಟಮ್‌ನಲ್ಲಿ ಆ ಫಾರ್ಮ್ಯಾಟ್ ಇಲ್ಲ. ಬ್ಯಾಲೆನ್ಸ್ ಸರ್ಟಿಫಿಕೇಟ್‌ನಲ್ಲಿ ಸಾಲ ಯಾರಾದ್ರೂ ಬರೀತಾರಾ?” ಅಂದರು. ಅವರ ಮಾತಿನಲ್ಲಿ ಒರಟುತನ ಇರಲಿಲ್ಲ. ತಮ್ಮ ಸಹಿ ಇರುವ ಕಾಗದದಲ್ಲಿ ರೂಢಿಯಲ್ಲಿಲ್ಲದ ಸಾಲುಗಳು ಇದ್ದರೆ ನಾಳೆ ಆಡಿಟ್‌ನಲ್ಲಿ ಕೇಳುತ್ತಾರೇನೋ ಅನ್ನುವ ಹಿಂಜರಿಕೆ ಇತ್ತು. ಕೆನಡಾ ಸರ್ಕಾರದ ಪುಟದ ಪ್ರಿಂಟ್ ನನ್ನ ಹತ್ತಿರ ಇತ್ತು, ಬೇಕಾದ ಸಾಲುಗಳಿಗೆ ಗೆರೆ ಎಳೆದಿದ್ದೆ. ಅವರ ಮುಂದಿಟ್ಟೆ. ಓದಿದರು. “ಇದರಲ್ಲಿ ಇರೋದೆಲ್ಲ ನಿಮ್ಮ ಖಾತೆಯಲ್ಲಿ ಇರೋ ವಿಷಯವೇ, ನಾವು ಹೊಸದಾಗಿ ಏನೂ ಸರ್ಟಿಫೈ ಮಾಡ್ತಿಲ್ಲ,” ಅಂತ ತಮಗೆ ತಾವೇ ಹೇಳಿಕೊಂಡು ಹಿರಿಯ ಕ್ಲರ್ಕ್ ಒಬ್ಬರನ್ನು ಕರೆದರು.

ಆ ಹಿರಿಯರು ನನ್ನ ಯೂನಿಫಾರ್ಮ್ ನೋಡಿ, “ಕೂತ್ಕೊಳ್ಳಿ ಸಿಸ್ಟರ್, ಒಂದೊಂದೇ ಮಾಡೋಣ,” ಅಂದರು. ಬೀರುವಿನಿಂದ ಲೆಟರ್‌ಹೆಡ್ ತೆಗೆದು ರಿಜಿಸ್ಟರಿನಲ್ಲಿ ಬರೆದುಕೊಂಡರು. ಸರಾಸರಿ ಬ್ಯಾಲೆನ್ಸಿಗೆ ಸಿಸ್ಟಮ್‌ನಲ್ಲಿ ತಿಂಗಳ ಸರಾಸರಿ ಸಿಕ್ಕಿತು. ಆರು ತಿಂಗಳದ್ದನ್ನೂ ಬರೆದುಕೊಂಡು, ಕ್ಯಾಲ್ಕುಲೇಟರ್‌ನಲ್ಲಿ ಎರಡು ಸಲ ಕೂಡಿಸಿ ಭಾಗಿಸಿದರು. ನನ್ನ ಎಸ್‌ಬಿ ಖಾತೆಯಲ್ಲಿ ಅವತ್ತು ಐದು ಲಕ್ಷಕ್ಕಿಂತ ಹೆಚ್ಚಿತ್ತು, ಸರಾಸರಿ ನಾಲ್ಕು ಲಕ್ಷಕ್ಕೂ ಕಡಿಮೆ ಬಂತು. “ಇದು ಕಮ್ಮಿ ಕಾಣುತ್ತಲ್ಲ ಸಿಸ್ಟರ್, ಪರವಾಗಿಲ್ವಾ?” ಅಂದರು. ಅಪ್ಪನ ದುಡ್ಡು ಬಂದಿದ್ದು ಏಪ್ರಿಲ್‌ನಲ್ಲಿ, ಅದಕ್ಕೆ ಮೊದಲಿನ ತಿಂಗಳುಗಳು ಸರಾಸರಿಯನ್ನು ಕೆಳಗೆ ಎಳೆದಿದ್ದವು. ಇರುವುದನ್ನು ಇರುವ ಹಾಗೇ ಬರೆಯಿರಿ, ವ್ಯತ್ಯಾಸಕ್ಕೆ ಗಿಫ್ಟ್ ಡೀಡ್ ಇದೆ ಅಂದೆ. ವಾರ್ಡಿನಲ್ಲಿ ನಮಗೆ ಕಲಿಸಿದ್ದೂ ಅದನ್ನೇ. ಚಾರ್ಟಿನಲ್ಲಿ ಬರೆದಿಲ್ಲ ಅಂದರೆ ಮಾಡಿಲ್ಲ ಅಂತಲೇ ಲೆಕ್ಕ. ಕಾಗದ ಮಾತ್ರ ನೋಡುವವರಿಗೆ ಕಾಗದದಲ್ಲೇ ಎಲ್ಲ ಸಿಗಬೇಕು.

ಎಫ್‌ಡಿಗೆ ಇನ್ನೊಂದು ಸಾಲು ಸೇರಿಸಿ ಅಂತ ಕೇಳಿಕೊಂಡೆ: ಅವಧಿಗೆ ಮುಂಚೆ ಮುರಿಸಿ ಹಣ ಪಡೆಯಬಹುದು ಅಂತ. ಎಫ್‌ಡಿ ಅನ್ನುವ ಪದ ನೋಡಿ ದುಡ್ಡು ಕಟ್ಟಿಬಿದ್ದಿದೆ ಅಂತ ಯಾರಾದರೂ ತಿಳಿದರೆ ಕಷ್ಟ. ನಮ್ಮವರ ಹೆಸರಿನ ಕಾರ್ ಲೋನ್ ಅದೇ ಶಾಖೆಯಲ್ಲಿತ್ತು, ಎಂಬತ್ತು ಸಾವಿರ ಚಿಲ್ಲರೆ ಬಾಕಿ. ಅದನ್ನೂ ಬರೆಸಿದೆವು. ಒಟ್ಟು ಹಣ 15 ಲಕ್ಷ ದಾಟಿತ್ತು, ಆ ಸಾಲ ಕಳೆದರೂ ಬೇಕಾದ ಮೊತ್ತಕ್ಕಿಂತ ಮೇಲೇ ಉಳಿಯುತ್ತಿತ್ತು. ಅಷ್ಟು ಹೆಚ್ಚು ಇಟ್ಟುಕೊಳ್ಳುವುದು ಅಗತ್ಯ ಅಂತಲೇ ನನ್ನ ಅಭಿಪ್ರಾಯ. ಡಾಲರ್ ದರ ನಾಲ್ಕು ರೂಪಾಯಿ ಏರಿದರೆ ಇಷ್ಟು ಮೊತ್ತಕ್ಕೆ ಎಂಬತ್ತು ಸಾವಿರಕ್ಕೂ ಮೇಲೆ ವ್ಯತ್ಯಾಸ ಬೀಳುತ್ತದೆ.

ಪತ್ರ ಟೈಪ್ ಆದ ಮೇಲೆ ಕಂಡಿದ್ದು ಹೆಸರಿನ ಸಮಸ್ಯೆ. ಬ್ಯಾಂಕಿನಲ್ಲಿ ನನ್ನ ಹೆಸರಿನ ಜೊತೆ ಇನಿಷಿಯಲ್ ಇದೆ. ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್ ಅಪ್ಪನ ಪೂರ್ತಿ ಹೆಸರಾಗಿ ಸರ್‌ನೇಮ್ ಜಾಗದಲ್ಲಿ ಕೂತಿದೆ. ಇದು ನಮ್ಮ ಕಡೆಯ ಅರ್ಧ ಜನರ ಕಥೆ. ಹಿರಿಯರು ಪಾಸ್‌ಪೋರ್ಟ್ ಕೇಳಿ ತೆಗೆದುಕೊಂಡು, ಬ್ಯಾಂಕಿನ ಹೆಸರು ಬರೆದು, ‘ಪಾಸ್‌ಪೋರ್ಟಿನಲ್ಲಿ ಇಂಥ ಹೆಸರಿನಿಂದ ಇರುವವರು’ ಅಂತ ಪಾಸ್‌ಪೋರ್ಟ್ ನಂಬರ್ ಸಮೇತ ಒಂದು ಸಾಲು ಹಾಕಿದರು. ಅದು ನನ್ನ ಪಟ್ಟಿಯಲ್ಲಿ ಇರಲಿಲ್ಲ, ಅವರಿಗೇ ಹೊಳೆದದ್ದು. ಮ್ಯಾನೇಜರ್ ಪ್ರತಿ ಅಂಕಿಯನ್ನೂ ಸ್ಕ್ರೀನಿಗೆ ತಾಳೆ ನೋಡಿ, ಸಹಿ ಮಾಡಿ, ಕೆಳಗೆ ತಮ್ಮ ಹೆಸರು, ಸಿಬ್ಬಂದಿ ಸಂಖ್ಯೆ ಬರೆದು ದುಂಡು ಸೀಲ್ ಒತ್ತಿದರು. ನಾನು ಅಲ್ಲಿಂದ ಹೊರಟಾಗ ಮಗಳು ಸ್ಕೂಲಿಂದ ಬರುವ ಹೊತ್ತಾಗಿತ್ತು.

ಆ ಪತ್ರದ ಜೊತೆ ಆರು ತಿಂಗಳ ಸ್ಟೇಟ್‌ಮೆಂಟ್, ಎಫ್‌ಡಿ ರಸೀದಿ, ಗಿಫ್ಟ್ ಡೀಡ್, ಅಪ್ಪನ ಪಾಸ್‌ಬುಕ್ ಪುಟಗಳು, ಎಲ್ಲದಕ್ಕೂ ಮುಂದೆ ನಾನು ಬರೆದ ಒಂದು ಪುಟದ ವಿವರಣೆ, ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ ಹಾಕಿದೆ. ವಿವರಣೆಯಲ್ಲಿ ಬಣ್ಣದ ಮಾತು ಬರೆಯಲಿಲ್ಲ. ಯಾವ ಖಾತೆಯಲ್ಲಿ ಎಷ್ಟು, ನಾಲ್ಕು ಲಕ್ಷ ಯಾವ ತಾರೀಕು ಯಾರಿಂದ ಬಂತು, ಅದರ ಪುರಾವೆ ಎಷ್ಟನೇ ಪುಟದಲ್ಲಿದೆ, ಅಷ್ಟೇ.

ಅರ್ಜಿ ಹಾಕಿದ ಮೇಲೂ ಈ ದುಡ್ಡನ್ನು ಮುಟ್ಟುವ ಹಾಗಿಲ್ಲ. ಅರ್ಜಿ ಹಾಕುವಾಗ ಇರಬೇಕು, ವೀಸಾ ಕೊಡುವಾಗಲೂ ಇರಬೇಕು. ಕಾಯುವ ತಿಂಗಳುಗಳಲ್ಲಿ ಮನೆಯ ಖರ್ಚು ನಿಲ್ಲುವುದಿಲ್ಲವಲ್ಲ. ಅತ್ತೆಯವರಿಗೆ ಕಣ್ಣಿನ ಆಪರೇಷನ್ ಆದಾಗ ಖಾತೆಯಲ್ಲಿ 15 ಲಕ್ಷ ಇಟ್ಟುಕೊಂಡು ನನ್ನ ಬಳೆ ಅಡವಿಟ್ಟೆವು. “ಇದೆಂಥ ಲೆಕ್ಕನಮ್ಮ?” ಅಂತ ಅತ್ತೆ ನೊಂದುಕೊಂಡರು. ಅವರಿಗೆ ತಿಳಿಸಿ ಹೇಳುವುದು ಅಪ್ಪನಿಗೆ ಹೇಳಿದ್ದಕ್ಕಿಂತ ಕಷ್ಟವಾಯಿತು. ಪಾಸ್‌ಪೋರ್ಟ್ ಕಳಿಸಿ ಅನ್ನುವ ಮೇಲ್ ಬಂದ ದಿನ ಮೊದಲು ತಿಳಿಸಿದ್ದು ಅವರಿಗೇ. ದುಡ್ಡಿನ ಬಗ್ಗೆ ಅಧಿಕಾರಿಗಳಿಂದ ಮರುಪ್ರಶ್ನೆ ಒಂದೂ ಬರಲಿಲ್ಲ.

ಈಚೆಗೆ ನಮ್ಮ ವಾರ್ಡಿನಲ್ಲೇ ಇದ್ದ ಜೂನಿಯರ್ ಒಬ್ಬಳು ಫೋನ್ ಮಾಡಿದ್ದಳು. ಒಂಟಿ ಹುಡುಗಿ, ಅವಳಿಗೆ ಬೇಕಾದ ಮೊತ್ತ ನಮ್ಮಷ್ಟಿಲ್ಲ, ಆದರೂ ಗಾಬರಿ ಅಷ್ಟೇ ಇತ್ತು. “ಅಕ್ಕ, ಚಿಕ್ಕಪ್ಪ ಒಂದು ತಿಂಗಳ ಮಟ್ಟಿಗೆ ಹಾಕ್ತೀನಿ ಅಂತಿದ್ದಾರೆ, ಆಮೇಲೆ ವಾಪಸ್ ಕೊಟ್ರೆ ಆಯ್ತಂತೆ,” ಅಂದಳು. ಬೇಡ ಅಂದೆ. ಅದು ಸಾಲ, ಸಾಲದ ದುಡ್ಡನ್ನು ತನ್ನದು ಅಂತ ತೋರಿಸಿದರೆ ಸುಳ್ಳು ಮಾಹಿತಿ ಕೊಟ್ಟ ಹಾಗೆ. ಸಿಕ್ಕಿಬಿದ್ದರೆ ಐದು ವರ್ಷ ಕೆನಡಾದ ಬಾಗಿಲು ಮುಚ್ಚುತ್ತದೆ. ಇನ್ನೊಂದು ವರ್ಷ ದುಡಿದು ನಿನ್ನದೇ ದುಡ್ಡು ಇಟ್ಟು ಹೋಗು ಅಂತ ಹೇಳಿ, ನನ್ನ ಪತ್ರದಲ್ಲಿ ಖಾತೆ ನಂಬರುಗಳನ್ನು ಮುಚ್ಚಿ ಅದರ ಫೋಟೋ ಕಳಿಸಿದೆ. ಬ್ಯಾಂಕಿಗೆ ಹೋಗುವಾಗ ಪಾಸ್‌ಪೋರ್ಟ್ ಮರೆಯಬೇಡ ಅಂತಲೂ ಬರೆದೆ.