ಹೆದ್ದಾರಿ 20ರ ಬದಿಯಲ್ಲೊಂದು ನಿಧಿಶೋಧ

2025 ಮೇ 25, ಭಾನುವಾರ
ಬೆಂಡ್, ಒರೆಗಾನ್

ನಾಳೆ ಮೆಮೋರಿಯಲ್ ಡೇ, ಯುದ್ಧಗಳಲ್ಲಿ ಮಡಿದ ಸೈನಿಕರನ್ನು ಅಮೆರಿಕ ನೆನೆಯುವ ದಿನ. ಇಂದು ನಾವು ಹುಡುಕಿದ ಜಿಯೋಕ್ಯಾಶ್‌ನ (ಜಿಪಿಎಸ್ ಹಿಡಿದು ಹುಡುಕಲೆಂದು ಯಾರೋ ಬಚ್ಚಿಟ್ಟ ಪೆಟ್ಟಿಗೆ) ಮೊದಲ ಪ್ರಶ್ನೆ: "ಅವರ ಜೊತೆಗಿದ್ದ ಸೈನಿಕರು ಎಷ್ಟು ಮಂದಿ?" ಉಳಿದ ಪ್ರಶ್ನೆಗಳನ್ನು ಬಿಟ್ಟುಕೊಡುವುದಿಲ್ಲ, ಹುಡುಕುವವರ ಸುಖ ಅವರಿಗೇ ಇರಲಿ. ಉತ್ತರಗಳನ್ನು ಅಕ್ಷಾಂಶ, ರೇಖಾಂಶಗಳ ಖಾಲಿ ಜಾಗದಲ್ಲಿ ತುಂಬಿದರೆ ಪೆಟ್ಟಿಗೆ ಅಡಗಿರುವ ತಾಣ ತಿಳಿಯುತ್ತದೆ. ಅದಕ್ಕಾಗಿ ಎರಡನೇ ಮಹಾಯುದ್ಧದ ಸೈನಿಕ ರಾಬರ್ಟ್ ಮ್ಯಾಕ್ಸ್‌ವೆಲ್ ಅವರ ಮೆಡಲ್ ಆಫ್ ಆನರ್ (ಅಮೆರಿಕದ ಅತ್ಯುನ್ನತ ಸೇನಾ ಶೌರ್ಯ ಪದಕ) ಪ್ರಶಸ್ತಿಪತ್ರವನ್ನು ಸಾಲು ಬಿಡದೆ ಓದಲೇಬೇಕು. ಸ್ಮಾರಕದ ಮುಂದೆ ಫೋಟೊ ತೆಗೆಸಿಕೊಂಡು ಹೊರಡುವವರಿಗೆ ಈ ಓದು ದಕ್ಕುವುದಿಲ್ಲ.

ಮಗಳು ಕಾರಿನಲ್ಲೇ ಗಟ್ಟಿಯಾಗಿ ಓದಿದಳು. 1944ರ ಸೆಪ್ಟೆಂಬರ್ 7, ಫ್ರಾನ್ಸಿನ ಬೆಸಾನ್ಸಾನ್ ಬಳಿ. ಮ್ಯಾಕ್ಸ್‌ವೆಲ್ ಮತ್ತು ಇನ್ನು ಮೂವರು ಬೆಟಾಲಿಯನ್ನಿನ ವೀಕ್ಷಣಾ ಠಾಣೆ ಕಾಯುತ್ತಿದ್ದಾರೆ. ಕೈಯಲ್ಲಿರುವುದು ಪಿಸ್ತೂಲು ಮಾತ್ರ. ಶತ್ರುಗಳು ಮೆಷಿನ್ ಗನ್ ಹಾರಿಸುತ್ತಾ 10 ಗಜದಷ್ಟು ಹತ್ತಿರ ಬಂದಿದ್ದಾರೆ. ನಡುವೆ ಗ್ರೆನೇಡ್ ಬಂದು ಬಿದ್ದಾಗ ಮ್ಯಾಕ್ಸ್‌ವೆಲ್ ಕಂಬಳಿಯೊಂದಿಗೆ ಅದರ ಮೇಲೆ ಎರಗಿದರು.

"ಕಂಬಳಿಯೇ ಅಪ್ಪಾ?" ಎಂದು ಅವಳು ಓದು ನಿಲ್ಲಿಸಿದಳು. ಹೌದು, ಹೊದೆಯುವ ಕಂಬಳಿ.

ಮ್ಯಾಕ್ಸ್‌ವೆಲ್ ಬದುಕಿದರು. ಮುಂದೆ ಒರೆಗಾನ್‌ನಲ್ಲಿ ಮಕ್ಕಳಿಗೆ ವಾಹನ ದುರಸ್ತಿ ಕಲಿಸಿದರು. ಇದೇ ಬೆಂಡ್‌ನಲ್ಲಿ 2019ರ ಮೇ ತಿಂಗಳಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ಊರಿನ ವೀರಗಲ್ಲುಗಳನ್ನು ನೋಡಿ ಬೆಳೆದ ನನಗೆ ವೀರನೆಂದರೆ ಮಡಿದವನೇ. ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿ ತೋರಿಸುವ ವೀರ ನನಗೆ ಹೊಸಬ, ಬಹಳ ಇಷ್ಟವಾದವನು ಕೂಡ.

ಬಾಸ್ಟನ್‌ನಿಂದ ಪೆಸಿಫಿಕ್ ಕರಾವಳಿಯ ನ್ಯೂಪೋರ್ಟ್‌ವರೆಗೆ ಸಾಗುವ ಹೆದ್ದಾರಿ 20ರ ಒರೆಗಾನ್ ಭಾಗಕ್ಕೆ 2017ರಲ್ಲಿ ಮೆಡಲ್ ಆಫ್ ಆನರ್ ಹೆದ್ದಾರಿ ಎಂದು ಹೆಸರಿಟ್ಟರು. ಅದರಿಂದ ಸ್ವಲ್ಪ ಒಳಗೆ, ಜುನಿಪರ್ ಮರದ ಬುಡದಲ್ಲಿ, ಲಾವಾ ಕಲ್ಲುಗಳ ಸಂದಿಯಲ್ಲಿ ಪೆಟ್ಟಿಗೆ ಸಿಕ್ಕಿತು. ಸೈನ್ಯದವರು ಗುಂಡು ತುಂಬಿಡುತ್ತಿದ್ದ ಹಸಿರು ಉಕ್ಕಿನ ಡಬ್ಬಿ. ಮುಚ್ಚಳದ ಅಂಚಿಗೆ ರಬ್ಬರ್ ಪಟ್ಟಿ ಇರುವುದರಿಂದ ಒಳಗಿನ ಪುಸ್ತಕ ಒಂದಿಷ್ಟೂ ನೆನೆದಿರಲಿಲ್ಲ. ಹೆಸರು ಬರೆದು, ಇದ್ದಲ್ಲೇ ಇಟ್ಟೆವು. ಬಚ್ಚಿಟ್ಟವರು ಅದನ್ನು ಯಾವ ಸಮಾಧಿಯ ಹತ್ತಿರವೂ ಇಡದೆ ಕಾಡಿನಂಚಿಗೆ ತಂದದ್ದು ಸರಿಯಾಗಿದೆ. ಗೋರಿಗಳ ನಡುವೆ ಮಕ್ಕಳು ಕಲ್ಲು ಮಗುಚುತ್ತಾ ಓಡಾಡುವುದು ನನಗೆ ಒಪ್ಪಿಗೆಯಿಲ್ಲ.

ಈ ಆಟ ಹುಟ್ಟಿದ್ದೂ ಒರೆಗಾನ್‌ನಲ್ಲೇ. ಸೈನ್ಯಕ್ಕಾಗಿ ಕಟ್ಟಿದ ಜಿಪಿಎಸ್‌ನ ಸಂಕೇತವನ್ನು ಜನಸಾಮಾನ್ಯರಿಗೆ ಬೇಕೆಂದೇ ಮಸುಕುಗೊಳಿಸುವುದನ್ನು ಅಮೆರಿಕ 2000ದ ಮೇ ತಿಂಗಳಲ್ಲಿ ನಿಲ್ಲಿಸಿತು. ಅದರ ಬೆನ್ನಿಗೇ, ಮೇ 3ರಂದು, ಡೇವ್ ಉಲ್ಮರ್ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ ಬಚ್ಚಿಟ್ಟು ಜಾಗವನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು. ಅಲ್ಲಿಗೆ ಹತ್ತಿರದ ಒರೆಗಾನ್ ಸಿಟಿಯಲ್ಲಿ ಹುಟ್ಟಿದವರು ಲ್ಯಾರಿ ಡಾಲ್. 1971ರಲ್ಲಿ ವಿಯೆಟ್ನಾಮಿನ ಆನ್ ಖೇ ಬಳಿ ಜೊತೆಗಾರರನ್ನು ಉಳಿಸಲು ಗ್ರೆನೇಡಿನ ಮೇಲೆ ಬಿದ್ದು ಪ್ರಾಣ ಕೊಟ್ಟವರು. ಮುಂದಿನ ಶನಿವಾರ ಒರೆಗಾನ್ ಸಿಟಿಗೆ ಹೋಗುತ್ತೇವೆ. ಡಾಲ್ ಅವರ ಮೆಡಲ್ ಆಫ್ ಆನರ್ ಪ್ರಶಸ್ತಿಪತ್ರವನ್ನು ಮಗಳು ಈಗಾಗಲೇ ಮುದ್ರಿಸಿಟ್ಟುಕೊಂಡಿದ್ದಾಳೆ.