ಒಣಗಿದ ರಕ್ತದ ಚುಕ್ಕೆ ಮತ್ತು ಮೂಲೆಯ ಹೈಪೋ ಬಕೆಟ್

ಸೂಜಿ ಚುಚ್ಚಿಸಿಕೊಂಡ ಟ್ರೇನಿ, ನೆಲದ ರಕ್ತ ಒರೆಸಿದ ಆಯಾ, ರೋಗಿಯ ಪಕ್ಕದಲ್ಲಿ ಕೂತ ಮಗ, ಎಲ್ಲರೂ ಕೇಳುವುದು ಒಂದನ್ನೇ: "ಸಿಸ್ಟರ್, ಆ ವೈರಸ್ ಹೊರಗ ಎಷ್ಟ ದಿನ ಇರತೈತ್ರಿ?" ವಿಜಯಪುರದಂಥ ಊರಿನ ಆಸ್ಪತ್ರೆಯಲ್ಲಿ ಸೋಂಕು ನಿಯಂತ್ರಣದ ಕೆಲಸ ಮಾಡುವವರು ಇದಕ್ಕೆ ಉತ್ತರ ಕೊಡುವ ಮೊದಲು ಎರಡು ಮರುಪ್ರಶ್ನೆ ಹಾಕಬೇಕು. ಎಷ್ಟು ಬಿತ್ತು? ಯಾವ ದಾರಿಯಿಂದ ಒಳಗೆ ಹೋಯಿತು? ಇವೆರಡು ಗೊತ್ತಿಲ್ಲದೆ ದಿನ ಎಣಿಸಿದರೆ ಹೆದರಬೇಕಾದ ಕಡೆ ಧೈರ್ಯ, ಧೈರ್ಯವಾಗಿ ಇರಬೇಕಾದ ಕಡೆ ಹೆದರಿಕೆ ಹುಟ್ಟುತ್ತದೆ.

2020ರಲ್ಲಿ ಹಾಲಿನ ಪಾಕೀಟು ತೊಳೆದದ್ದು, ನೋಟುಗಳನ್ನು ಬಿಸಿಲಿಗೆ ಹರವಿದ್ದು ನೆನಪಿರಬಹುದು. ಕೊರೊನಾ ವೈರಸ್ ಪ್ಲಾಸ್ಟಿಕ್ ಮೇಲೆ 72 ಗಂಟೆ, ಸ್ಟೀಲ್ ಮೇಲೆ 48 ಗಂಟೆಯವರೆಗೆ ಸಿಕ್ಕಿತು ಎಂಬ ಲ್ಯಾಬ್ ಫಲಿತಾಂಶ ಸುಳ್ಳಲ್ಲ. ಆದರೆ ಅದೇ ಪ್ರಯೋಗದಲ್ಲಿ ಪ್ಲಾಸ್ಟಿಕ್ ಮೇಲಿನ ವೈರಸ್ ಸುಮಾರು 7 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತಿತ್ತು. ಆ ಲೆಕ್ಕದಲ್ಲಿ 72ನೇ ಗಂಟೆಗೆ ಉಳಿಯುವುದು ಮೊದಲಿದ್ದುದರ ಸಾವಿರದಲ್ಲಿ ಒಂದು ಪಾಲು. "ಮೂರು ದಿನ ಇರುತ್ತದೆ" ಅಂದರೆ ಮೂರನೇ ದಿನವೂ ಮೊದಲ ದಿನದಷ್ಟೇ ಜೋರಾಗಿರುತ್ತದೆ ಎಂದಲ್ಲ. ಸೋಂಕಿರುವ ವಸ್ತುವನ್ನು ಒಮ್ಮೆ ಮುಟ್ಟಿದರೆ ಕೊರೊನಾ ತಗಲುವ ಸಂಭವ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಹೇಳಿತು. ಅದು ಹರಡಿದ್ದು ಗಾಳಿಯಲ್ಲಿ. ದಡಾರದ ವೈರಸ್ಸೂ ಹಾಗೆಯೇ: ರೋಗಿ ಎದ್ದುಹೋದ ಮೇಲೆ ಕೋಣೆಯ ಗಾಳಿಯಲ್ಲಿ 2 ಗಂಟೆಯವರೆಗೆ ಇರಬಲ್ಲದು. ಅಲ್ಲಿ ಮೇಜು ಒರೆಸುವ ಮೊದಲು ಕಿಟಕಿ ತೆರೆಯಬೇಕು.

ರಕ್ತದ ಮಾತು ಬೇರೆ. ಎಚ್‌ಐವಿ ಎಂದರೆ ವಾರ್ಡ್ ಪೂರಾ ಗಾಬರಿ, ಎಚ್‌ಬಿಎಸ್‌ಎಜಿ (ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ವೈರಸ್ ಪತ್ತೆಯ ರಕ್ತಪರೀಕ್ಷೆ) ಪಾಸಿಟಿವ್ ಎಂದರೆ "ಕಾಮಾಲೆ ಇರಬೇಕು ಬಿಡ್ರಿ". ಇದು ತಲೆಕೆಳಗಾದ ಲೆಕ್ಕ. ಎಚ್‌ಐವಿ ಇರುವ ರಕ್ತ ಒಣಗುತ್ತಾ ಹೋದಂತೆ ಕೆಲವೇ ಗಂಟೆಗಳಲ್ಲಿ ವೈರಸ್ ಶೇ. 90ರಿಂದ 99ರಷ್ಟು ನಾಶವಾಗುತ್ತದೆ. ಹೆಪಟೈಟಿಸ್ ಬಿ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಸೋಂಕು ಹರಡುವ ಸ್ಥಿತಿಯಲ್ಲಿ ಇರುತ್ತದೆ. ಹೆಪಟೈಟಿಸ್ ಸಿ ಕೋಣೆಯ ಉಷ್ಣತೆಯಲ್ಲಿ 6 ವಾರದವರೆಗೂ ಉಳಿದದ್ದನ್ನು ಲ್ಯಾಬ್‌ನಲ್ಲಿ ಕಂಡಿದ್ದಾರೆ. ಸೋಂಕಿರುವವರಿಗೆ ಬಳಸಿದ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವ ಸಂಭವ ಸುಮಾರು ಶೇ. 0.3, ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ಶೇ. 6ರಿಂದ 30. ಕಾರಣ ಪ್ರಮಾಣ. ಹೆಪಟೈಟಿಸ್ ಬಿ ಜೋರಾಗಿರುವವರ 1 ಮಿ.ಲೀ. ರಕ್ತದಲ್ಲಿ 10 ಕೋಟಿಗೂ ಹೆಚ್ಚು ವೈರಸ್ ಇರುವುದುಂಟು. ಕಣ್ಣಿಗೆ ಕಾಣದಷ್ಟು ರಕ್ತವೂ ಸಾಕು.

ಅದಕ್ಕೇ ವಾರ್ಡಿನಲ್ಲಿ ರಕ್ತದ ಸಕ್ಕರೆ ನೋಡುವ ಗ್ಲುಕೋಮೀಟರನ್ನು ಒಮ್ಮೆ ಕಿಟಕಿ ಬೆಳಕಿಗೆ ಹಿಡಿದು ನೋಡಿ. ಸ್ಟ್ರಿಪ್ ತೂರಿಸುವ ಸಂದಿಯ ಅಂಚಿನಲ್ಲಿ, ಬಟನ್ ಪಕ್ಕದಲ್ಲಿ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆ ಕಾಣಬಹುದು. ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಗೆ ಹೋಗುವಾಗ ಅದು ನರ್ಸಿನ ಕೈಗವಸಿಗೆ ಹತ್ತಿ, ಅಲ್ಲಿಂದ ಈಗಷ್ಟೇ ಚುಚ್ಚಿದ ಬೆರಳಿನ ತುದಿಗೆ ಹೋಗುತ್ತದೆ. ಬೆರಳು ಚುಚ್ಚುವ ಒಂದೇ ಲ್ಯಾನ್ಸೆಟ್ ಪೆನ್ನನ್ನು ಹಲವರಿಗೆ ಬಳಸಿ ಹೆಪಟೈಟಿಸ್ ಬಿ ಹರಡಿದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಸೂಜಿ ಬದಲಿಸಿದರೂ ಸಾಲದು, ಪೆನ್ನಿನ ಮೂತಿಗೆ ರಕ್ತ ಹತ್ತಿರುತ್ತದೆ. ಒಬ್ಬರಿಗೆ ಒಂದು ಬಿಸಾಡುವ ಲ್ಯಾನ್ಸೆಟ್, ಪ್ರತಿ ರೋಗಿಯ ನಂತರ ಮೀಟರಿಗೆ ಎರಡು ಸಲ ಒರೆಸಾಟ: ಮೊದಲನೆಯದು ಕಲೆ ತೆಗೆಯಲು, ಎರಡನೆಯದು ವೈರಸ್ ಕೊಲ್ಲಲು. ದ್ರವವನ್ನು ಮೀಟರಿನ ಮೇಲೆ ಸುರಿಯಬೇಡಿ, ಸಂದಿಯೊಳಗೆ ಇಳಿದರೆ ರೀಡಿಂಗ್ ಕೆಡುತ್ತದೆ. ಕ್ಷೌರದ ಕತ್ತಿಗೂ, ಜಾತ್ರೆಯಲ್ಲಿ ಹಚ್ಚೆ ಹಾಕುವ ಸೂಜಿಗೂ ಇದೇ ಲೆಕ್ಕ. ಹಚ್ಚೆಯಲ್ಲಿ ಸೂಜಿ ಹೊಸದಿದ್ದರೂ ಬಣ್ಣದ ಬಟ್ಟಲು ಹಳೆಯದೇ ಇರುತ್ತದೆ, ಅದನ್ನು ಯಾರೂ ಗಮನಿಸುವುದಿಲ್ಲ.

ಇನ್ನು ಹೈಪೋ, ಅಂದರೆ ವೈರಸ್ ಕೊಲ್ಲುವ ಕ್ಲೋರಿನ್ ದ್ರವ. ನೆಲಕ್ಕೆ ರಕ್ತ ಬಿದ್ದಾಗ ಬಳಸುವುದು ಶೇ. 1ರ ಸೋಡಿಯಂ ಹೈಪೋಕ್ಲೋರೈಟ್. ಕ್ಯಾನಿನ ಮೇಲೆ 5% ಎಂದಿದ್ದರೆ 1 ಲೀಟರ್ ಹೈಪೋಗೆ 4 ಲೀಟರ್ ನೀರು, 10% ಎಂದಿದ್ದರೆ 9 ಲೀಟರ್ ನೀರು. ಕ್ಯಾನ್ ಬದಲಾದರೂ ಮಗ್ಗಿನ ಅಳತೆ ಬದಲಾಗದೇ ಇರುವುದು ತೀರಾ ಸಾಮಾನ್ಯ ತಪ್ಪು. ಹೈಪೋ ಇಲ್ಲದ ಕಡೆ, ಶೇ. 33 ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ ಲೀಟರಿಗೆ 30 ಗ್ರಾಂ. ಆದರೆ ಚೀಲ ಬಿಚ್ಚಿ ತಿಂಗಳಾಗಿ ಪುಡಿ ಗಂಟುಕಟ್ಟಿದ್ದರೆ ಆ 33 ಅದರಲ್ಲಿ ಉಳಿದಿರುವುದಿಲ್ಲ.

ನಮ್ಮ ಕಡೆಯ ತೊಂದರೆ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ತಗಡಿನ ಸ್ಟೋರ್‌ರೂಮಿನ ಒಳಗೆ ಇನ್ನೂ ಕಾಯುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಹೈಪೋ ಕೆಡುವ ವೇಗ ಮೂರು ಪಟ್ಟಿಗೂ ಹೆಚ್ಚು. ಕ್ಯಾನನ್ನು ನೆರಳಲ್ಲಿ, ತಂಪಾದ ಕೋಣೆಯಲ್ಲಿ ಇಡಿ. ಬೆರೆಸಿದ್ದನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಇಟ್ಟು 24 ಗಂಟೆಗೆ ಚೆಲ್ಲಿ. ಸ್ಟೀಲ್ ಬಕೆಟ್ ಬೇಡ, ತೂತು ಬೀಳುತ್ತದೆ. "ಘಾಟು ಬರಾಕತ್ತೈತಿ, ನಡೀತೈತಿ" ಎಂಬ ಮಾತನ್ನು ನಂಬಬೇಡಿ, ಶಕ್ತಿ ಅರ್ಧಕ್ಕಿಳಿದ ಮೇಲೂ ಘಾಟು ಇರುತ್ತದೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಮಾತ್ರ ಎಂದೂ ಬೆರೆಸಬಾರದು, ಕ್ಲೋರಿನ್ ಗಾಳಿ ಎದ್ದು ಉಸಿರು ಕಟ್ಟುತ್ತದೆ.

ರಕ್ತ ಚೆಲ್ಲಿದಾಗ ಮೊದಲು ಮಾಪ್ ಹಿಡಿಯುವುದೇ ತಪ್ಪು. ಒಂದಡಿಯ ಕಲೆ ಆರಡಿಗೆ ಹರಡುತ್ತದೆ. ಕೈಗವಸು ಹಾಕಿ, ಗಾಜಿನ ಚೂರಿದ್ದರೆ ಚಿಮ್ಮಟದಿಂದ ಎತ್ತಿ, ಕಲೆಯ ಮೇಲೆ ಹತ್ತಿಯನ್ನೋ ಕಾಗದವನ್ನೋ ಮುಚ್ಚಿ, ಹೈಪೋವನ್ನು ಅಂಚಿನಿಂದ ನಡುವಿಗೆ ಸುರಿಯಬೇಕು. ಆಮೇಲೆ 10ರಿಂದ 20 ನಿಮಿಷ ಕಾಯಬೇಕು. ಎಲ್ಲರೂ ತಪ್ಪುವುದು ಇಲ್ಲೇ. ರೌಂಡ್ಸ್ ಬರುತ್ತಾರೆ ಎಂದು ಎರಡೇ ನಿಮಿಷಕ್ಕೆ ಒರೆಸಿಬಿಡುತ್ತಾರೆ. ರಕ್ತದ ಪ್ರೋಟೀನು ಕ್ಲೋರಿನ್ನನ್ನು ತಿಂದುಹಾಕುತ್ತದೆ, ಹೀಗಾಗಿ ದಪ್ಪ ಕಲೆಗೆ ಪ್ರಮಾಣವೂ ಸಮಯವೂ ಹೆಚ್ಚು ಬೇಕು. ಹತ್ತಿಯನ್ನೆಲ್ಲ ಸೋಂಕಿನ ಕಸದ ಹಳದಿ ಚೀಲಕ್ಕೆ ಹಾಕಿ, ಜಾಗವನ್ನು ಇನ್ನೊಮ್ಮೆ ಹೈಪೋದಿಂದ ಒರೆಸಿ. ರಕ್ತದ ಮೇಲೆ ನೇರವಾಗಿ ಸ್ಪಿರಿಟ್ ಸುರಿದರೆ ಮೇಲ್ಪದರ ಹೆಪ್ಪುಗಟ್ಟುತ್ತದೆ, ಅದರಡಿ ವೈರಸ್ ಕ್ಷೇಮವಾಗಿ ಉಳಿಯುತ್ತದೆ.

ಕೊಬ್ಬಿನ ಹೊದಿಕೆ ಇರುವ ವೈರಸ್‌ಗಳು, ಅಂದರೆ ಫ್ಲೂ, ಕೊರೊನಾ, ಎಚ್‌ಐವಿ, ಸೋಪಿಗೂ ಸ್ಪಿರಿಟ್‌ಗೂ ಬೇಗ ಸಾಯುತ್ತವೆ. ಹೊದಿಕೆ ಇಲ್ಲದವು ಗಟ್ಟಿ. ವಾಂತಿಭೇದಿ ತರುವ ನೊರೊವೈರಸ್, ಕಣ್ಣು ಬೇನೆಯ ಅಡಿನೋವೈರಸ್ ವಾರಗಟ್ಟಲೆ ಉಳಿಯಬಲ್ಲವು. ನೊರೊವೈರಸ್‌ಗೆ ಸ್ಯಾನಿಟೈಸರ್ ಸಾಲದು, ಕೈಯನ್ನು ಸೋಪು, ಹರಿಯುವ ನೀರಿನಿಂದಲೇ ತೊಳೆಯಬೇಕು. ಕಣ್ಣು ಬೇನೆ ಬಂದ ಮನೆಯಲ್ಲಿ ಟವೆಲ್, ದಿಂಬಿನ ಕವರ್ ಬೇರೆ.

ಸೂಜಿ ಚುಚ್ಚಿದರೆ ಬೆರಳು ಹಿಂಡಬೇಡಿ, ಬಾಯಿಗೆ ಇಡಬೇಡಿ, ಹೈಪೋದಲ್ಲಿ ಅದ್ದಬೇಡಿ. ಸೋಪು, ಹರಿಯುವ ನೀರು ಸಾಕು. ಕಣ್ಣಿಗೆ ಸಿಡಿದರೆ ಬರೀ ನೀರು ಅಥವಾ ಸಲೈನ್. ನಂತರ ಗಡಿಯಾರ ನೋಡಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಿದ್ದರೆ 2 ಗಂಟೆಯೊಳಗೆ ಶುರುವಾಗುವುದು ಒಳ್ಳೆಯದು, 72 ಗಂಟೆ ದಾಟಬಾರದು, 28 ದಿನ ತಪ್ಪದೆ ನುಂಗಬೇಕು. ಸಿಂದಗಿಯಿಂದಲೋ ಇಂಡಿಯಿಂದಲೋ ಬಸ್ ಹಿಡಿದು ಜಿಲ್ಲಾಸ್ಪತ್ರೆಗೆ ಬರುವುದರಲ್ಲೇ ಆ ಎರಡು ಗಂಟೆ ಕಳೆದುಹೋಗುತ್ತದೆ, ರಾತ್ರಿ ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ಬೀಗ. ಹೀಗಾಗಿ ಮೊದಲ ಡೋಸ್ ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲೇ ಇರಬೇಕು, ಅದರ ಎಕ್ಸ್‌ಪೈರಿ ದಿನಾಂಕವನ್ನು ತಿಂಗಳಿಗೊಮ್ಮೆ ನೋಡಬೇಕು.

ಹೆಪಟೈಟಿಸ್ ಬಿ ಲಸಿಕೆ 0, 1, 6ನೇ ತಿಂಗಳಿಗೆ ಮೂರು ಡೋಸ್. ಕೊನೆಯ ಡೋಸ್ ಆದ ಒಂದೆರಡು ತಿಂಗಳಿಗೆ ಟೈಟರ್, ಅಂದರೆ ಲಸಿಕೆ ಹತ್ತಿದೆಯೇ ಎಂದು ನೋಡುವ ರಕ್ತಪರೀಕ್ಷೆ, ಮಾಡಿಸಿ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆ ಕಾಗದವನ್ನು ಜೋಪಾನವಾಗಿಡಿ. ಸೂಜಿ ಚುಚ್ಚಿದ ದಿನ ಎಲ್ಲರೂ ಅದನ್ನೇ ಹುಡುಕುತ್ತಾರೆ. ಲಸಿಕೆ ಆಗದವರಿಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಬೇಕು, ಆದಷ್ಟು 24 ಗಂಟೆಯೊಳಗೆ. ಹೆಪಟೈಟಿಸ್ ಸಿಗೆ ಲಸಿಕೆಯೂ ಇಲ್ಲ, ತಡೆ ಮಾತ್ರೆಯೂ ಇಲ್ಲ; ತಗಲಿದ್ದು ಖಚಿತವಾದರೆ ಸಾಮಾನ್ಯವಾಗಿ 12 ವಾರದ ಮಾತ್ರೆಯಲ್ಲಿ 100ಕ್ಕೆ 95ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ. ಆಯಾ, ವಾರ್ಡ್‌ಬಾಯ್, ಕಸದ ಚೀಲ ಎತ್ತುವವರ ಹೆಸರು ಲಸಿಕೆ ರಿಜಿಸ್ಟರಿನಲ್ಲಿ ಇದೆಯೇ ನೋಡಿ. ಗುತ್ತಿಗೆಯವರು ಎಂದು ಬಿಟ್ಟಿರುತ್ತಾರೆ, ಆದರೆ ಯಾರೋ ಹಳದಿ ಚೀಲಕ್ಕೆ ಎಸೆದ ಸೂಜಿ ಚುಚ್ಚುವುದು ಅವರ ಕೈಗೇ.