ಮಂಡ್ಯದ ಗದ್ದೆ ಯಾವ ಸಮುದ್ರದಲ್ಲಿ ಬಿದ್ದಿದೆ?

ಮೈಸೂರು
18 ಜುಲೈ 2024, ಗುರುವಾರ

ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿಗೆ ಸೇರಿದ ಕೆಲವು ಹಳ್ಳಿಗಳ ಜಮೀನಿನ ನಕ್ಷೆ ತಯಾರಿಸುವ ಕೆಲಸದಲ್ಲಿ ಇಂದಿನ ದಿನವೆಲ್ಲ ನಕ್ಷೆ ಬರೆಯುವ ತಂತ್ರಾಂಶವಾದ ಕ್ಯೂಜಿಐಎಸ್‌ನ ತೊಡಕುಗಳನ್ನು ಬಿಡಿಸುವುದರಲ್ಲೇ ಕಳೆಯಿತು. ತೊಡಕು ಎಂದೆನಾದರೂ ತಂತ್ರಾಂಶ ಕೆಟ್ಟದ್ದು ಒಂದೆಡೆಯೂ ಇರಲಿಲ್ಲ. ಬೇರೆ ಬೇರೆ ಕಡೆಗಳಿಂದ ಬಂದ ಕಡತಗಳು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುತ್ತಿದ್ದ ಮಾತು ನಿಜವಾಗಿರಲಿಲ್ಲ, ಅಷ್ಟೇ. ಇಂಥ ಸಂದರ್ಭದಲ್ಲಿ ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ನಕ್ಷೆ ಎಲ್ಲಿಗೆ ಹೋಗಿ ಬಿದ್ದಿದೆ, ಎಷ್ಟು ದೂರ ಸರಿದಿದೆ ಎಂಬುದನ್ನು ಮೊದಲು ನೋಡಿದರೆ ಕಾರಣ ಬಹುಮಟ್ಟಿಗೆ ಅಲ್ಲೇ ಸಿಗುತ್ತದೆ.

"ಲೇಯರ್ ಬಂದಿದೆ ಸಾರ್, ಆದ್ರೆ ಪರದೆ ಮೇಲೆ ಏನೂ ಕಾಣ್ತಿಲ್ಲ" ಎಂದು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಬೆಳಿಗ್ಗೆ ಕರೆದಳು. ಲೇಯರ್ ಎಂದರೆ ನಕ್ಷೆಯ ಒಂದು ಪದರ. ಅದರ ಕೆಳಗೆ ಹಿನ್ನೆಲೆಯಾಗಿ ಪ್ರಪಂಚದ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಹಾಕಿಕೊಂಡು, ಲೇಯರಿನ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಝೂಮ್ ಟು ಲೇಯರ್' ಆಯ್ಕೆ ಮಾಡಲು ಹೇಳಿದೆ. ಮಂಡ್ಯದ ಗದ್ದೆಗಳ ಕೊಳವೆಬಾವಿಗಳೆಲ್ಲ ಆರ್ಕ್ಟಿಕ್ ವಲಯದಲ್ಲಿ, ಸ್ವಾಲ್‌ಬಾರ್ಡ್ ದ್ವೀಪಗಳ ಪಶ್ಚಿಮದ ಸಮುದ್ರದಲ್ಲಿ ಸಾಲಾಗಿ ನಿಂತಿದ್ದವು. ಇದಕ್ಕಿಂತ ಸ್ಪಷ್ಟವಾದ ಸುಳಿವು ಬೇಕಿಲ್ಲ. ಮಂಡ್ಯ ಇರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶ, 76.9 ಡಿಗ್ರಿ ಪೂರ್ವ ರೇಖಾಂಶದಲ್ಲಿ; ಇವೆರಡೂ ಅದಲುಬದಲಾದರೆ 76.9 ಡಿಗ್ರಿ ಉತ್ತರಕ್ಕೆ ಹೋಗಲೇಬೇಕು. ಎಕ್ಸ್ ಎಂದರೆ ರೇಖಾಂಶ, ವೈ ಎಂದರೆ ಅಕ್ಷಾಂಶ. ನಾವು ಬಾಯಲ್ಲಿ ಅಕ್ಷಾಂಶವನ್ನು ಮೊದಲು ಹೇಳುತ್ತೇವೆ, ತಂತ್ರಾಂಶ ಎಕ್ಸ್ ಅನ್ನು ಮೊದಲು ಕೇಳುತ್ತದೆ. ಎಡವಟ್ಟು ಅಲ್ಲೇ ಹುಟ್ಟುತ್ತದೆ.

ಒಂದೊಂದು ತಪ್ಪಿಗೂ ಒಂದೊಂದು ಸಮುದ್ರವಿದೆ ಎಂದು ಆಕೆಗೆ ಹೇಳಿದಾಗ ನಕ್ಕಳು, ಆದರೆ ಅದು ತಮಾಷೆಯ ಮಾತಲ್ಲ. ಜಾಗವನ್ನು ಅಂಕಿಗಳಲ್ಲಿ ಹೇಳುವ ಒಂದೊಂದು ಪದ್ಧತಿಗೂ ತಂತ್ರಾಂಶದಲ್ಲಿ ಒಂದೊಂದು ಸಂಖ್ಯೆಯಿದೆ; ಯುಟಿಎಂ ಎಂಬುದು ಭೂಮಿಯನ್ನು ಆರಾರು ಡಿಗ್ರಿಯ ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಪದ್ಧತಿ. ಡಿಗ್ರಿಯಲ್ಲಿರುವ ಅಂಕಿಗಳಿಗೆ ನಮ್ಮ ಭಾಗದ ಯುಟಿಎಂ 43ನೇ ವಲಯದ ಸಂಖ್ಯೆಯಾದ 32643 ಅನ್ನು ಹಚ್ಚಿದರೆ, 76.9 ಮತ್ತು 12.5 ಎಂಬುವು ಮೀಟರುಗಳೆಂದು ಭಾವಿಸಲ್ಪಟ್ಟು ಮಾಲ್ಡೀವ್ಸ್‌ಗೂ ಪಶ್ಚಿಮಕ್ಕೆ ಭೂಮಧ್ಯರೇಖೆಯ ಮೇಲೆ ಬೀಳುತ್ತವೆ. ಅವೇ ಅಂಕಿಗಳಿಗೆ ಅಂತರ್ಜಾಲದ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್‌ನ 3857 ಅನ್ನು ಹಚ್ಚಿದರೆ ಆಫ್ರಿಕಾದ ಪಕ್ಕದ ಗಿನಿ ಕೊಲ್ಲಿಯಲ್ಲಿ ಸಿಗುತ್ತವೆ. ಜಿಪಿಎಸ್ ಸಂಕೇತ ಸಿಗದೆ ಸೊನ್ನೆಯೆಂದು ದಾಖಲಾದ ಬಿಂದುಗಳೂ ಅಲ್ಲೇ ಇರುತ್ತವೆ. 43ರ ಬದಲು 44ನೇ ವಲಯ ಆಗಿದ್ದರೆ ಮಂಡ್ಯವು ಆರು ಡಿಗ್ರಿ, ಅಂದರೆ ಸುಮಾರು 650 ಕಿ.ಮೀ. ಪೂರ್ವಕ್ಕೆ ಸರಿದು ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಎರಡು ವಲಯಗಳ ಗಡಿ 78 ಡಿಗ್ರಿ ರೇಖಾಂಶ. ಕೋಲಾರ ಪಟ್ಟಣ ಅದರ ಆಚೆಗಿದೆ. ಆದ್ದರಿಂದ ಕೋಲಾರದ ಕೆಲಸಕ್ಕೆ ಮಾಡಿಟ್ಟ ಪ್ರಾಜೆಕ್ಟ್ ಫೈಲನ್ನೇ ನಕಲು ಮಾಡಿ ಮಂಡ್ಯಕ್ಕೆ ಬಳಸುವವರಲ್ಲಿ ಈ ತಪ್ಪು ಹೆಚ್ಚು. ನಕ್ಷೆ ಯಾವ ಸಮುದ್ರದಲ್ಲೂ ಸಿಗದಿದ್ದರೆ ಲೇಯರಿನ ಮಾಹಿತಿಯಲ್ಲಿ ಎಕ್ಸ್‌ಟೆಂಟ್ ಎಂಬಲ್ಲಿರುವ, ಲೇಯರಿನ ಅಂಚುಗಳನ್ನು ಹೇಳುವ ಅಂಕಿಗಳನ್ನು ಓದಬೇಕು. ಪೂರ್ವದ ಅಂಕಿ ಏಳು ಲಕ್ಷದ ಆಸುಪಾಸು, ಉತ್ತರದ ಅಂಕಿ ಹದಿನಾಲ್ಕು ಲಕ್ಷದ ಹತ್ತಿರವಿದ್ದರೆ ಅದು ಯುಟಿಎಂ ಮೀಟರ್, ಅದಕ್ಕೆ ಯಾರೋ ಡಿಗ್ರಿ ಪದ್ಧತಿಯ ಸಂಖ್ಯೆಯಾದ 4326 ಎಂದು ಹೆಸರಿಟ್ಟಿದ್ದಾರೆ.

ಇದನ್ನು ಸರಿಪಡಿಸುವಾಗ 'ಸೆಟ್ ಸಿಆರ್‌ಎಸ್' ಮತ್ತು 'ರೀಪ್ರಾಜೆಕ್ಟ್' ಎರಡನ್ನೂ ಒಂದೇ ಎಂದು ತಿಳಿಯುವುದರಿಂದ ಆಗುವ ಅನಾಹುತ ದೊಡ್ಡದು. ಸಿಆರ್‌ಎಸ್ ಎಂದರೆ ಮೇಲೆ ಹೇಳಿದ ಅಳತೆ ಪದ್ಧತಿಯೇ. ಮೊದಲನೆಯದು ಡಬ್ಬದ ಮೇಲಿನ ಚೀಟಿಯನ್ನು, ಅಂದರೆ ಪದ್ಧತಿಯ ಹೆಸರನ್ನಷ್ಟೇ ಬದಲಿಸುತ್ತದೆ, ಎರಡನೆಯದು ಒಳಗಿನ ಪದಾರ್ಥವನ್ನೇ, ಅಂದರೆ ಅಂಕಿಗಳನ್ನೇ ಬದಲಿಸುತ್ತದೆ. ಚೀಟಿ ತಪ್ಪಾಗಿರುವಾಗ ರೀಪ್ರಾಜೆಕ್ಟ್ ಮಾಡಿದರೆ ತಪ್ಪು ಜಾಗವೇ ಹೊಸ ಅಂಕಿಗಳಲ್ಲಿ ಖಾಯಂ ಆಗಿಬಿಡುತ್ತದೆ.

ಮಧ್ಯಾಹ್ನದ ತೊಂದರೆ ಬೇರೆ ಬಗೆಯದು. ಹಳೆಯ ಟೋಪೋಶೀಟಿನಿಂದ (ಭೂಲಕ್ಷಣಗಳ ನಕ್ಷೆಯ ಹಾಳೆ) ಯಾರೋ ನಕಲಿಳಿಸಿದ ನಾಲೆಯ ಗೆರೆಯು ಉಪಗ್ರಹ ಚಿತ್ರದ ನಾಲೆಗೆ ಸಮಾನಾಂತರವಾಗಿ, ಉದ್ದಕ್ಕೂ ಒಂದೇ ಅಳತೆಯಲ್ಲಿ ನೂರಿನ್ನೂರು ಮೀಟರ್ ಸರಿದಿತ್ತು. ಎಲ್ಲ ಕಡೆಯೂ ಒಂದೇ ದಿಕ್ಕಿಗೆ, ಒಂದೇ ದೂರಕ್ಕೆ ಸರಿದಿದ್ದರೆ ಡೇಟಮ್, ಅಂದರೆ ಅಳತೆಗೆ ಆಧಾರವಾಗಿ ಹಿಡಿದ ಭೂಮಿಯ ಮಾದರಿಯ ಮೇಲೆ ಅನುಮಾನ ಪಡಬೇಕು. ಆ ಹಾಳೆಗಳು 1830ರ ಎವರೆಸ್ಟ್ ಗೋಲಾಭವನ್ನು (ಭೂಮಿಯನ್ನು ತುಸು ಚಪ್ಪಟೆಯಾದ ಗೋಳವೆಂದು ಹಿಡಿದ ಲೆಕ್ಕ) ಆಧರಿಸಿದವು, ಇಂದಿನ ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಅನ್ನು. ಲೇಯರನ್ನು ಕೈಯಲ್ಲಿ ಎಳೆದು ಕೂರಿಸದೆ ಎವರೆಸ್ಟ್ ಗೋಲಾಭದ ಕಲ್ಯಾಣಪುರ ಡೇಟಮ್ ಕೊಟ್ಟು ರೂಪಾಂತರಿಸಿದಾಗ ಗೆರೆ ನಾಲೆಯ ಮೇಲೆ ಬಂದು ಕುಳಿತಿತು.

ಸ್ಕ್ಯಾನ್ ಮಾಡಿದ ಗ್ರಾಮ ನಕ್ಷೆಯ ದೋಷ ಹಾಗೆ ಒಂದೇ ಸಮ ಇರುವುದಿಲ್ಲ. ಒಂದು ಮೂಲೆಯಲ್ಲಿ ಸರಿಯಾಗಿದ್ದು ಇನ್ನೊಂದು ಮೂಲೆಯಲ್ಲಿ ಹಿಗ್ಗಿರುತ್ತದೆ. ಇಲ್ಲಿ, ಸ್ಕ್ಯಾನ್ ಮಾಡಿದ ಹಾಳೆಯನ್ನು ನೆಲದ ಬಿಂದುಗಳಿಗೆ ಹೊಂದಿಸುವ ಜಿಯೋರೆಫರೆನ್ಸರ್‌ನಲ್ಲಿ 'ಥಿನ್ ಪ್ಲೇಟ್ ಸ್ಪ್ಲೈನ್' ಆರಿಸುವ ಚಾಳಿ ನನಗೆ ಹಿಡಿಸುವುದಿಲ್ಲ. ಅದು ಕೊಟ್ಟ ಬಿಂದುಗಳಿಗೆಲ್ಲ ಹಾಳೆಯನ್ನು ಎಳೆದು ಬಗ್ಗಿಸುವುದರಿಂದ ಆ ಬಿಂದುಗಳಲ್ಲಿ ದೋಷ ಸೊನ್ನೆಯಂತೆ ಕಾಣುತ್ತದೆ, ತಪ್ಪಾಗಿ ಗುರುತಿಸಿದ ಗಡಿಕಲ್ಲು ಕೂಡ ಅದರಲ್ಲಿ ಅಡಗಿಹೋಗುತ್ತದೆ. ಹಾಗೆ ಬಗ್ಗಿಸದ 'ಪಾಲಿನಾಮಿಯಲ್ 1' ಆರಿಸಿದರೆ ಆ ಕಲ್ಲಿನ ಎದುರು ದೋಷದ ದೊಡ್ಡ ಅಂಕಿ ಎದ್ದು ನಿಲ್ಲುತ್ತದೆ. 1:7920 ಅಳತೆಯ ಗ್ರಾಮ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಎಂಟು ಮೀಟರಿನಷ್ಟು. ಗೆರೆಯ ದಪ್ಪವೇ ಕೆಲವು ಮೀಟರ್ ನುಂಗುವಾಗ ಅದಕ್ಕಿಂತ ಹೆಚ್ಚಿನ ನಿಖರತೆಯನ್ನು ಆ ಹಾಳೆಯಿಂದ ಕೇಳುವಂತಿಲ್ಲ.

ವಿಸ್ತೀರ್ಣದ ವಿಷಯದಲ್ಲಿ ರೈತರು ಕೂಡಲೇ ಪ್ರಶ್ನೆ ಎತ್ತುತ್ತಾರೆ, ಎತ್ತಬೇಕು ಕೂಡ. ಪಹಣಿಯಲ್ಲಿ ಒಂದು ಎಕರೆ ಎಂದಿರುವ ಜಮೀನು ವೆಬ್ ಮರ್ಕೇಟರ್‌ನಲ್ಲಿ ಲೆಕ್ಕ ಹಾಕಿದರೆ ನಮ್ಮ ಅಕ್ಷಾಂಶದಲ್ಲಿ ಸುಮಾರು 42 ಗುಂಟೆ ಬರುತ್ತದೆ. ಆ ಎರಡು ಗುಂಟೆ ಯಾರೂ ಒತ್ತುವರಿ ಮಾಡಿದ್ದಲ್ಲ, ದುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಪ್ರಕ್ಷೇಪದ ಹಿಗ್ಗುವಿಕೆ. ಕ್ಯೂಜಿಐಎಸ್‌ನಲ್ಲಿ ಡಾಲರ್ ಚಿಹ್ನೆಯಿರುವ ಏರಿಯಾ ಸೂತ್ರವು ಪ್ರಾಜೆಕ್ಟಿನಲ್ಲಿ ಗೊತ್ತುಮಾಡಿದ ಗೋಲಾಭದ ಮೇಲೆ ಅಳೆಯುತ್ತದೆ. ಆವರಣದೊಳಗೆ ಜ್ಯಾಮಿತಿಯನ್ನು ಕೊಡುವ ಏರಿಯಾ ಸೂತ್ರವು ಲೇಯರಿನ ಅಂಕಿಗಳನ್ನು ಸಮತಲವೆಂದೇ ತಿಳಿದು ಅಳೆಯುತ್ತದೆ, ಲೇಯರ್ ಡಿಗ್ರಿಯಲ್ಲಿದ್ದರೆ ಚದರ ಡಿಗ್ರಿ ಎಂಬ ಯಾರಿಗೂ ಬೇಡದ ಉತ್ತರ ಕೊಡುತ್ತದೆ. ಮೊದಲನೆಯದನ್ನು ಬಳಸಿ, ಬಂದ ಚದರ ಮೀಟರನ್ನು 101.17ರಿಂದ ಭಾಗಿಸಿದರೆ ಗುಂಟೆ ಸಿಗುತ್ತದೆ.

ಪಹಣಿಯ ಪಟ್ಟಿಯನ್ನು ನಕ್ಷೆಗೆ ಜೋಡಿಸುವಾಗ ಅರ್ಧದಷ್ಟು ಸಾಲುಗಳು ಖಾಲಿ ಬಂದವು. ಕಾರಣ ಎಕ್ಸೆಲ್. ಸರ್ವೆ ನಂಬರ್ 12/1 ಎಂದು ಬರೆದರೆ ಅದು ಜನವರಿ 12 ಎಂದು ತಿದ್ದಿಬಿಡುತ್ತದೆ. 45/2 ಎಂಬಂಥ ತಾರೀಖು ಇಲ್ಲದ್ದರಿಂದ ಅದನ್ನು ಹಾಗೆಯೇ ಬಿಡುತ್ತದೆ. ಹೀಗಾಗಿ ದೊಡ್ಡ ನಂಬರುಗಳು ಸರಿಯಾಗಿ ಕೂಡಿಕೊಂಡು ಸಣ್ಣವು ಮಾತ್ರ ತಪ್ಪುವ ವಿಚಿತ್ರ ಉಂಟಾಗುತ್ತದೆ. ಆ ಕಾಲಮ್ಮನ್ನು ತುಂಬುವ ಮೊದಲೇ ಟೆಕ್ಸ್ಟ್ ಎಂದು ಗೊತ್ತುಮಾಡುವುದೇ ಸುಲಭದ ದಾರಿ. ಊರಿನ ಹೆಸರಿನಿಂದ ಜೋಡಿಸುವುದನ್ನಂತೂ ನಾನು ಬಿಟ್ಟೇಬಿಟ್ಟಿದ್ದೇನೆ. ಶ್ರೀರಂಗಪಟ್ಟಣವನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯುತ್ತಾರೆಂಬುದು ಪಟ್ಟಿಗಳನ್ನು ಕಂಡವರಿಗೇ ಗೊತ್ತು.

ಕನ್ನಡ ಅಕ್ಷರಗಳ ತೊಂದರೆಯನ್ನೂ ನೋಟದಿಂದಲೇ ಗುರುತಿಸಬಹುದು. ರೋಮನ್ ಲಿಪಿಯ ಒಂದೇ ಅಕ್ಷರ ಎರಡು ಮೂರು ಚಿಹ್ನೆಗಳಿಗೊಮ್ಮೆ ಮರುಕಳಿಸುತ್ತಿದ್ದರೆ ಅದು ಸರಿಯಾದ ಯೂನಿಕೋಡ್, ತಂತ್ರಾಂಶ ತಪ್ಪಾಗಿ ಓದುತ್ತಿದೆ. ಲೇಯರಿನ ಎನ್‌ಕೋಡಿಂಗನ್ನು ಯುಟಿಎಫ್-8ಕ್ಕೆ ಬದಲಿಸಿದರೆ ಸಾಕು. ಕೊಂಬು ಚುಕ್ಕೆ ಹೊತ್ತ ಬಗೆಬಗೆಯ ಅಕ್ಷರಗಳಿದ್ದರೆ ಹಳೆಯ ನುಡಿ ಫಾಂಟಿನದು, ಪರಿವರ್ತಕದಿಂದ ಯೂನಿಕೋಡಿಗೆ ತರಬೇಕು. ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಅಕ್ಷರಗಳು ಅಳಿಸಿಯೇ ಹೋಗಿವೆ, ಮೂಲ ಕಡತವನ್ನು ಮತ್ತೆ ಕೇಳಬೇಕು. ಇನ್ನು ನಕ್ಷೆಯ ಮಾಹಿತಿ ಇಡುವ ಕಡತವಾದ ಶೇಪ್‌ಫೈಲಿನ ಕಾಲಮ್ ಹೆಸರಿಗೆ 10 ಬೈಟಿನ ಮಿತಿ. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕಾದ್ದರಿಂದ 'ವಿಸ್ತೀರ್ಣ'ವು 'ವಿಸ' ಎಂಬಲ್ಲಿಗೇ ತುಂಡಾಗುತ್ತದೆ. ಹೊಸ ಬಗೆಯ ಕಡತವಾದ ಜಿಯೋಪ್ಯಾಕೇಜಿನಲ್ಲಿ ಈ ಕಾಟವಿಲ್ಲ. ಆದರೂ ಎಲ್ಲರೂ ಶೇಪ್‌ಫೈಲನ್ನೇ ಕೇಳುತ್ತಾರೆ, ಮೇಲಾಗಿ ಕಳುಹಿಸುವಾಗ ಜೊತೆಯ ಕಡತಗಳನ್ನು ಬಿಟ್ಟು ಶೇಪ್ ಕಡತವೊಂದನ್ನೇ ಕಳುಹಿಸುತ್ತಾರೆ.

ಸಂಜೆಗೆ ಉಳಿದದ್ದು ಜ್ಯಾಮಿತಿಯ ದೋಷಗಳು. ತನ್ನ ಗೆರೆಯನ್ನು ತಾನೇ ದಾಟಿದ ಬಹುಭುಜಗಳನ್ನು 'ಫಿಕ್ಸ್ ಜಿಯಾಮೆಟ್ರೀಸ್' ಸರಿಮಾಡಿತು. ಪಕ್ಕದ ಎರಡು ಸರ್ವೆ ನಂಬರುಗಳು ಒಂದರ ಮೇಲೊಂದು ಹತ್ತಿರುವುದನ್ನು ಮಾತ್ರ ಮೇಜಿನ ಮುಂದೆ ಕುಳಿತು ಬಿಡಿಸಲಾಗದು. ಸ್ನ್ಯಾಪ್ ಮಾಡಿ ಗೆರೆಯನ್ನು ಅತ್ತಲೋ ಇತ್ತಲೋ ತಳ್ಳಿದರೆ ನಕ್ಷೆ ಅಚ್ಚುಕಟ್ಟಾಗಿ ಕಾಣುತ್ತದೆ ನಿಜ, ಆದರೆ ಒಬ್ಬರ ಜಮೀನು ಇನ್ನೊಬ್ಬರಿಗೆ ಹೋಗಿರುತ್ತದೆ. ಅದು ಭೂಮಾಪಕರು ಹದ್ದುಬಸ್ತು ಮಾಡಿ ತೀರ್ಮಾನಿಸಬೇಕಾದ ವಿಷಯ. ಆ ತುಣುಕುಗಳನ್ನು ಬೇರೆ ಲೇಯರಿಗೆ ತೆಗೆದು, ಎರಡೂ ಕಡೆಯ ಸರ್ವೆ ನಂಬರು ಮತ್ತು ಗುಂಟೆಯ ಲೆಕ್ಕದೊಂದಿಗೆ ಪಟ್ಟಿ ಮಾಡಿದ್ದೇನೆ. ನಾಳೆ ನಕ್ಷೆಯ ಜೊತೆಗೆ ಅದನ್ನೂ ಕೆಲಸ ಕೊಟ್ಟವರಿಗೆ ಕಳುಹಿಸುತ್ತೇನೆ.